ಅಳಬೇಡ ಎಂಬ ಮಾತು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಬದಿಗೆ, ಗೊಟಗೋಡಿಯೆಂಬ ಗ್ರಾಮವಿರುವುದು. ಕಲಾವಿದರಾದ ಟಿ. ಬಿ. ಸೊಲಬಕ್ಕನವರ ಅವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನಿನಿಂದಲೂ, 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಿಂದಲೂ ಆ ಊರಿನ ಹೆಸರು ಈಗ ನಾಡಿಗೆಲ್ಲ ಪರಿಚಿತವಾಗಿದೆ. ಕಳೆದ ತಿಂಗಳು ಒಂದು ಪುಸ್ತಕವನ್ನು ನೋಡುವ ನಿಮಿತ್ತವಾಗಿ ನಾವು ಆ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆವು. ಕೆಲಸ ಮುಗಿದ ಮೇಲೆ ನಮ್ಮ ಹಳೆಯ ಶಿಷ್ಯರೊಬ್ಬರು ದಾರಿಯಲ್ಲಿ ಕಂಡು, ಎಷ್ಟು ಹೇಳಿದರೂ ಬಿಡದೆ, ತಮ್ಮ ಮನೆಗೆ ಕರೆದೊಯ್ದರು. ಊಟವಾಯಿತು, ಎಲೆ-ಅಡಿಕೆಯ ತಟ್ಟೆ ಬಂದಿತು. ಆಗ ಅವರು ಮಗಳನ್ನು ಕರೆದು ನಮ್ಮೆದುರು ಕೂಡಿಸಿದರು. ಹುಡುಗಿಯು ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿರುವಳು.

“ಸರ, ನೀವರೆ ಈಕಿಗೆ ಒಂದು ಮಾತು ಹೇಳ್ರಿ. ಮಂದಿ ಮಕ್ಕಳು ಕಲಿತು ನೌಕರಿ ಹಿಡಿತಾರ. ಈಕಿ, ಸತ್ತವರ ಮನಿಯವರ ದುಃಖಾ ಕೇಳೋ ವಿದ್ಯಾ ಕಲಿತೇನಿ ಅಂತಾಳ್ರಿ. ಅಳೋದಕ್ಕ ಯಾರರೆ ಫೀ ಕೊಡ್ತಾರೇನ್ರಿ?”

ವಾಚಕರೆದುರು ಮರೆಮಾಚಿ ಫಲವೇನು? ನಮಗೂ ಆಗ ಹಾಗೆಯೇ ತೋರಿತು. ನಮ್ಮ ಹಿರಿಯರಿಗೆ ಸಾವು ಹೊಸದೇನು? ಒಲೆ ಹಚ್ಚದ ಮನೆಗೆ ನೆರೆಯವರು ಬುತ್ತಿ ತರುತ್ತಿದ್ದರು. ಬಂಧುಗಳು ಬಂದು ‘ಮಾತಾಡಿಸಿ’ ಹೋಗುತ್ತಿದ್ದರು. ಹೆಂಗಸರು ಸತ್ತವನ ಗುಣಗಳನ್ನು ಹಾಡಿಕೊಂಡು ಅಳುತ್ತಿದ್ದರು. ದುಃಖಕ್ಕೂ ಒಬ್ಬ ತಜ್ಞನೇ, ಎಂದು ನಾವು ನಗಲಿದ್ದೆವು. ಅಷ್ಟರಲ್ಲಿ ಆ ಹುಡುಗಿಯು ಮೆಲ್ಲನೆ, “ಗುರುಗಳ, ನಮ್ಮ ಅಜ್ಜ ಹೋಗಿ ಮೂವತ್ತೈದು ವರ್ಷ ಆತಂತ್ರಿ. ಅವರ ಹೆಸರು ನಮ್ಮನಿಯೊಳಗ ಯಾರೂ ತೆಗೆಯಂಗಿಲ್ಲ. ಒಂದು ಫೋಟೋ ಸೈತ ಗೋಡಿಗಿಲ್ಲ. ಅದು ಯಾಕ ಅಂತ ತಿಳಕೊಳ್ಳಾಕ ನಾ ಈ ವಿದ್ಯಾ ಹಿಡಿದೇನ್ರಿ” ಎಂದಳು. ತಂದೆಯು ಎದ್ದು ಅಂಗಳಕ್ಕೆ ಹೋದರು.

ಆ ವರ್ಷದ ನೆನಪು ನಮಗೆ ಚೆನ್ನಾಗಿಯೇ ಇರುವುದು. ಅವರು ಆಗ ನಮ್ಮ ಏಳನೆಯ ತರಗತಿಯ ವಿದ್ಯಾರ್ಥಿ. ತಂದೆಯು ಸಂತೆ ಮುಗಿಸಿ ರಾತ್ರಿ ಚಕ್ಕಡಿಯಲ್ಲಿ ಮರಳುತ್ತಿದ್ದಾಗ ಹಿಂದಿನಿಂದ ಲಾರಿಯೊಂದು ಬಡಿದು ಅಲ್ಲಿಯೇ ಮೃತನಾದನು. ದಿನಕರ್ಮಗಳು ಮುಗಿದು ಹುಡುಗನು ಶಾಲೆಗೆ ಬಂದ ದಿನ ನಾವು ಅವನ ಬೆನ್ನ ಮೇಲೆ ಕೈಯಿಟ್ಟು, “ಅಳಬಾರದಪ, ಇನ್ನ ಮನಿಗೆ ನೀನ ದೊಡ್ಡಾಂವ” ಎಂದೆವು. ಹುಡುಗನು ಅಳಲಿಲ್ಲ. ಆ ವರ್ಷ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದನು. ಮುಂದೆ ಎಷ್ಟೋ ಸಲ ಇತರ ಮಕ್ಕಳಿಗೆ ಇದನ್ನೇ ಧೈರ್ಯದ ಉದಾಹರಣೆಯಾಗಿ ನಾವು ಹೇಳಿದ್ದುಂಟು.

ಅಂಗಳದಲ್ಲಿ ಅವರ ಪಕ್ಕಕ್ಕೆ ಹೋಗಿ ನಿಂತೆವು. ಬಹಳ ಹೊತ್ತಿನ ಮೇಲೆ ಅವರು ಹೇಳಿದ್ದು ಇಷ್ಟು: “ಸರ, ಸಂತಿಯಿಂದ ಬರುವಾಗ ಚಕ್ಕಡಿ ಹಿಂದ ಕಂದೀಲ ಹಿಡಕೊಂಡು ನಾ ಕುಂದರತಿದ್ದೆ. ಅವತ್ತ, ಮರುದಿನ ನಿಮ್ಮ ಪರೀಕ್ಷಾ ಐತಿ ಅಂತ ಹೋಗಲಿಲ್ಲ.”

ನಮಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಕುರಿತು ದೊರೆತುದನ್ನೆಲ್ಲ ಓದಿದೆವು. ಆ ಓದಿನ ಸಾರವನ್ನೇ ಈ ತಿಂಗಳ ಅಂಕಣದಲ್ಲಿ ಕುಟುಂಬಸ್ಥರೆದುರು ಇಡುತ್ತಿರುವೆವು.

1942ನೆಯ ನವೆಂಬರ 28ರ ರಾತ್ರಿ ಅಮೇರಿಕೆಯ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಲಾಸಗೃಹಕ್ಕೆ ಬೆಂಕಿ ಬಿದ್ದು 492 ಜನರು ಮಡಿದರು. ಎರಿಕ್ ಲಿಂಡೆಮನ್ ಎಂಬ ಮನೋವೈದ್ಯನು ಅಂದು ತಮ್ಮವರನ್ನು ಕಳೆದುಕೊಂಡವರನ್ನೂ ಇತರ ಶೋಕತಪ್ತರನ್ನೂ ಕಂಡು ಮಾತನಾಡಿಸಿ, 1944ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಗಂಟಲು ಬಿಗಿಯುವುದು, ನಿಟ್ಟುಸಿರು, ಹೊಟ್ಟೆಯಲ್ಲಿ ಏನೂ ಇಲ್ಲದಂತಹ ಭಾವ, ಸತ್ತವರ ರೂಪವೇ ಕಣ್ಣಿಗೆ ಕಟ್ಟುವುದು, ಇವೆಲ್ಲವನ್ನೂ ಅವನು ಅದರಲ್ಲಿ ಗುರುತಿಸಿರುವನು. ಅವುಗಳ ಜೊತೆಗೆ ಇನ್ನೊಂದನ್ನೂ ಹೇಳಿರುವನು: ಉಳಿದವನು ಆ ಸಾವಿಗೆ ಮುನ್ನಿನ ಗಳಿಗೆಗಳನ್ನು ಶೋಧಿಸಿ ಶೋಧಿಸಿ, ತನ್ನದೇ ಒಂದು ತಪ್ಪನ್ನು ಹುಡುಕಿ ತೆಗೆಯುವನು. ಇದನ್ನು ಓದಿದಾಗ ನಮ್ಮ ಕಣ್ಣೆದುರು ಬಂದುದು ಬಾಸ್ಟನ್ ಅಲ್ಲ, ಚಕ್ಕಡಿಯ ಹಿಂದಿನ ಕಂದೀಲು.

ನಮ್ಮ ನಾಡಿಗೂ ಅಂತಹ ಒಂದು ದಿನ ಬಂದಿತು. 1981ನೆಯ ಫೆಬ್ರವರಿ 7, ಶನಿವಾರ. ಬೆಂಗಳೂರಿನಲ್ಲಿ ಬೀಡು ಬಿಟ್ಟಿದ್ದ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ ತೊಂಬತ್ತಕ್ಕೂ ಹೆಚ್ಚು ಜನರು ಅಸುನೀಗಿದರು. ಅವರಲ್ಲಿ ಬಹುಪಾಲು ಮಕ್ಕಳು. ಆನೆ-ಕುದುರೆಗಳನ್ನು ನೋಡಿ ಬರಲೆಂದು ಹೊಸ ಅಂಗಿ ತೊಡಿಸಿ ಕಳಿಸಿದ ತಾಯಿಯು ತನ್ನನ್ನು ತಾನು ಏನೆಂದುಕೊಳ್ಳಬೇಕು? ಆ ನಗರದ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಹೀಗೆ ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡವರ ಶೋಕವನ್ನು ಅಭ್ಯಸಿಸಿ, 1987ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಬರೆದರು. ಮುಂದೆ ಗುಜರಾತಿನ 2001ರ ಭೂಕಂಪ, 2004ರ ಸುನಾಮಿ ಮುಂತಾದ ವಿಪತ್ತುಗಳಲ್ಲಿ ಆ ಸಂಸ್ಥೆಯವರು ನೊಂದವರ ಬಳಿಗೇ ಹೋದರು. ಅನ್ನ, ವಸ್ತ್ರ, ಔಷಧಗಳಂತೆಯೇ ಕೇಳುವ ಕಿವಿಯೂ ಪರಿಹಾರದ ಒಂದು ಅಂಗವೆಂಬ ತಿಳಿವಳಿಕೆ ಹಾಗೆ ಬೆಳೆಯಿತು.

ಈ ವಿದ್ಯೆಯು ನಮಗೆ ತೀರ ಪರಕೀಯವೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. (ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ಯನ್ನು ಹುಟ್ಟುಹಾಕಿದವರೂ ಇವರೇ. ಜನರ ಮನಸ್ಸನ್ನು ಕೇಳಹೊರಟವರು ಜನರಿಗೆ ಕೇಳಿಸುವುದನ್ನೂ ಮಾಡಿದರು!) ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ತೆರೆಯಿತು, ಮರುವರ್ಷವೇ ಅಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಶಿಕ್ಷಣ ಮೊದಲಾಯಿತು, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ನಮ್ಮ ಭಾಗದವರಿಗೆ ಹತ್ತಿರವಾದುದು ಧಾರವಾಡದ ಮಾನಸಿಕ ಆಸ್ಪತ್ರೆ. 1845ರಷ್ಟು ಹಳೆಯದಾದ ಅದು ಈಗ ಡಿಮ್ಹಾನ್ಸ್ ಎಂಬ ಹೆಸರಿನ ವಿದ್ಯಾಸಂಸ್ಥೆಯೂ ಆಗಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞನಾಗತಕ್ಕವನು ಎಂ.ಎ. ಓದಿದರೆ ಸಾಲದು, ಆ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಕೆಲಸ ಕಲಿತು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಅವನು ಔಷಧ ಬರೆಯುವವನಲ್ಲ. ಅದು ಮನೋವೈದ್ಯನ ಕೆಲಸ.

ಹಾಗಾದರೆ ಇವನು ಮಾಡುವುದೇನು? ಮೊದಲು ತಿಳಿಯತಕ್ಕದ್ದೇನೆಂದರೆ, ಸತ್ತವರಿಗಾಗಿ ಅಳುವವರೆಲ್ಲ ರೋಗಿಗಳೆಂದು ಈ ಶಾಸ್ತ್ರವು ಹೇಳುವುದೇ ಇಲ್ಲ. ಬಹುಜನರು ತಮ್ಮವರ ನಡುವೆಯೇ, ಕಾಲಕ್ರಮದಲ್ಲಿ, ನಷ್ಟವನ್ನು ಹೊತ್ತುಕೊಂಡೇ ಬದುಕಲು ಕಲಿಯುವರು. ಒಂದು ಗಳಿಗೆ ಶೋಕದ ಕಡೆಗೆ, ಮತ್ತೊಂದು ಗಳಿಗೆ ಹೊಲ-ಮನೆಯ ಕೆಲಸದ ಕಡೆಗೆ ಮನಸ್ಸು ತೂಗಾಡುವುದು ಸಹಜವೆಂದು ಸ್ಟ್ರೋಬ್ ಮತ್ತು ಶುಟ್ ಎಂಬ ವಿದ್ವಾಂಸರು 1999ರಲ್ಲಿ ಪ್ರತಿಪಾದಿಸಿದರು. ಆದುದರಿಂದ ಗಂಡ ಸತ್ತ ತಿಂಗಳಿಗೆ ನಕ್ಕಳೆಂದು ಯಾರನ್ನೂ ಆಡಿಕೊಳ್ಳುವ ಕಾರಣವಿಲ್ಲ. ದುಃಖಕ್ಕೆ ಐದು ಮೆಟ್ಟಿಲುಗಳೆಂದು ಸುಶಿಕ್ಷಿತರು ಹೇಳುವುದನ್ನೂ ಕೇಳಿದ್ದೇವೆ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆಯು 1969ರ ತನ್ನ ಗ್ರಂಥದಲ್ಲಿ ಅದನ್ನು ಹೇಳಿದ್ದು ಮರಣಶಯ್ಯೆಯಲ್ಲಿದ್ದ ರೋಗಿಗಳನ್ನು ಕುರಿತು. ಉಳಿದವರು ಆ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಲೇಬೇಕೆಂಬ ನಿಯಮವಿಲ್ಲ.

ಕೆಲವರಲ್ಲಿ ಮಾತ್ರ ದುಃಖವು ಮೊದಲ ದಿನದ ಹಾಗೆಯೇ ನಿಂತುಬಿಡುವುದು. ಆಕಸ್ಮಿಕ ಅಪಘಾತ, ಕೊಲೆ, ಆತ್ಮಹತ್ಯೆ, ಮಗುವಿನ ಸಾವು, ಇಂತಹವುಗಳಲ್ಲಿ ಇದರ ಭಯ ಹೆಚ್ಚು. ಸತ್ತವನ ಮುಖವನ್ನು ನೆನೆಯಹೋದರೆ ಸತ್ತ ಬಗೆಯೇ ಅಡ್ಡ ಬಂದು ನಿಲ್ಲುವುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದಕ್ಕೆ ದೀರ್ಘಶೋಕವೆಂಬ ಅರ್ಥದ ಹೆಸರಿದೆ. ಆರು ತಿಂಗಳಿಗೂ ಮೀರಿ, ಅವರವರ ಸಮಾಜದ ರೂಢಿಗೂ ಮೀರಿ, ಬದುಕನ್ನೇ ತಡೆದು ನಿಲ್ಲಿಸುವ ಶೋಕವಿದು. ಅಮೇರಿಕೆಯ ಮನೋವೈದ್ಯರ ಸಂಘವು ವಯಸ್ಕರಿಗೆ ಒಂದು ವರ್ಷದ ಗಡಿಯನ್ನಿಟ್ಟಿರುವುದು. ನಮ್ಮ ಹಿರಿಯರು ವರ್ಷಾಂತಿಕವನ್ನು ಇಟ್ಟುದರಲ್ಲಿ ಇದೇ ಅಳತೆ ಇದ್ದಿತೋ ಏನೋ! ಇಂತಹವರಿಗಾಗಿ ಕ್ಯಾಥರೀನ್ ಶಿಯರ್ ಎಂಬ ಮನೋವೈದ್ಯೆಯು ರೂಪಿಸಿದ ಚಿಕಿತ್ಸೆಯಲ್ಲಿ ಹದಿನಾರು ಭೇಟಿಗಳು. ಸಾವಿನ ವಾರ್ತೆ ತಿಳಿದ ಗಳಿಗೆಯನ್ನು ಕಣ್ಣು ಮುಚ್ಚಿ, ತಡೆತಡೆದು, ಮತ್ತೆ ಮತ್ತೆ ಹೇಳುವುದು. ದೂರವಿಟ್ಟ ಸ್ಥಳಗಳಿಗೆ ಮೆಲ್ಲನೆ ಮರಳುವುದು. ಸತ್ತವರೊಡನೆ ಮನಸ್ಸಿನಲ್ಲಿಯೇ ಮಾತನಾಡುವುದು. ಮರೆಯುವುದು ಇದರ ಗುರಿಯಲ್ಲ.

ಸಂಸ್ಕೃತವನ್ನು ಓದಿದ ನಮಗೆ ಇಲ್ಲಿ ನಾಚಿಕೆಯಾಯಿತು. ಭವಭೂತಿಯು ಉತ್ತರರಾಮಚರಿತದಲ್ಲಿ ಉಕ್ಕಿದ ಕೆರೆಯನ್ನೂ ಶೋಕದ ಎದೆಯನ್ನೂ ಜೊತೆಗಿಟ್ಟು, ಎರಡಕ್ಕೂ ಹರಿಯಬಿಡುವುದೊಂದೇ ಉಪಾಯವೆಂದಿರುವನು. ಆ ಶ್ಲೋಕವನ್ನು ನಾವು ವರ್ಷವರ್ಷವೂ ಪಾಠ ಮಾಡಿದೆವು, ಅನ್ವಯ ಬರೆಯಿಸಿದೆವು. ಶಿಗ್ಗಾಂವಿ-ಹಾನಗಲ್ಲ ಸೀಮೆಯು ಕೆರೆಗಳ ಸೀಮೆ. ಕೋಡಿಯನ್ನು ಮುಚ್ಚಿದರೆ ಏರಿ ಒಡೆಯುವುದೆಂದು ಇಲ್ಲಿಯ ದನಕಾಯುವ ಹುಡುಗನೂ ಬಲ್ಲ. ಆದರೂ ತಂದೆ ಸತ್ತ ಮಗನೊಬ್ಬನ ಕೋಡಿಯನ್ನು ನಾವು ನಮ್ಮ ಕೈಯಿಂದಲೇ ಮುಚ್ಚಿದೆವು.

ಇನ್ನು ನಮ್ಮ ಜಿಲ್ಲೆಯಲ್ಲಿ ಮಾತನಾಡಿಸಲೂ ಯಾರೂ ಹೋಗದ ಮನೆಗಳಿವೆ. ಸಾಲದ ಹೊರೆಯಿಂದ ಪ್ರಾಣ ಕಳೆದುಕೊಂಡ ರೈತರ ಮನೆಗಳವು. ರಾಜ್ಯ ಸರ್ಕಾರವು 2015ರಲ್ಲಿ ಇಂತಹ ಕುಟುಂಬಗಳ ಪರಿಹಾರಧನವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಅದು ಬೇಕು. ಆದರೆ ಆ ಹೆಣ್ಣುಮಗಳು ಗಂಡನ ಸಾವನ್ನು ಬಾಯಿಬಿಟ್ಟು ಹೇಳುವುದು ಕಾಗದಪತ್ರಗಳ ಸಲುವಾಗಿ ಕಚೇರಿಗಳಲ್ಲಿ ಮಾತ್ರ. ನೆರೆಯವರು ಏನು ಮಾತನಾಡಬೇಕೆಂದು ತಿಳಿಯದೆ ದೂರವುಳಿಯುವರು. ಅವಳು ಅದನ್ನು ತಿರಸ್ಕಾರವೆಂದು ತಿಳಿಯುವಳು. ಮಕ್ಕಳಿಗೆ ಸುಳ್ಳು ಹೇಳಲಾಗುವುದು. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸಿನವರು ನಡೆಸಿದ ಪ್ರಯೋಗದ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯೂ ಇದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಇದನ್ನು ಬರೆದಿಡುವಂತೆ ವಾಚಕರಲ್ಲಿ ಬಿನ್ನಹ. ಆದರೆ ಎದುರಿಗೆ ಕುಳಿತು ಹದಿನಾರು ಸಲ ಕೇಳುವವರು ತಾಲೂಕಿನ ಊರುಗಳಲ್ಲಿ ಸಿಕ್ಕುವುದು ದುರ್ಲಭವೇ. ಅದಕ್ಕೆ ಆ ಹುಡುಗಿಯಂತಹವರು ಓದಿ ಬರಬೇಕು.

ಅವಳ ತಂದೆಗೆ ನಾವು ಬರೆದ ಪತ್ರದಲ್ಲಿ ಈ ವೃತ್ತಿಯನ್ನು ಸುಲಭವೆಂದು ಹೊಗಳಲಿಲ್ಲ. ದಿನವೂ ಪರರ ಶೋಕವನ್ನು ಕೇಳುವವರ ನಿದ್ರೆ ಕೆಡುವುದುಂಟು. ಅವರೂ ತಮಗಿಂತ ಅನುಭವಿಗಳೆದುರು ಕುಳಿತು ಮನಸ್ಸಿನ ಭಾರವನ್ನು ಇಳಿಸಿಕೊಳ್ಳಬೇಕಾಗುವುದು. ಸಂಪಾದನೆಯು ಬೇಗ ಕೈಗೂಡುವುದಿಲ್ಲ. ಇಷ್ಟನ್ನು ತಿಳಿಸಿ, ಮಗಳನ್ನು ಕಳಿಸಿಕೊಡಿರೆಂದು ಬರೆದೆವು. ಕೆಳಗೆ ಇನ್ನೊಂದು ಸಾಲನ್ನು ಸೇರಿಸಿದೆವು: ಮೂವತ್ತೈದು ವರ್ಷಗಳ ಹಿಂದೆ ನಾವು ಆಡಿದ ಮಾತು ತಪ್ಪಾಗಿತ್ತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು.

ಕಳೆದ ವಾರ ಉತ್ತರ ಬಂದಿತು. ಮಗಳು ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿರುವಳೆಂಬುದು ಎರಡೇ ಸಾಲಿನಲ್ಲಿ ಮುಗಿದಿದೆ. ಉಳಿದ ಮೂರು ಪುಟಗಳೂ ಅವರ ತಂದೆಯ ವಿಚಾರ: ಎತ್ತುಗಳಿಗೆ ಇಟ್ಟಿದ್ದ ಹೆಸರುಗಳು, ಸಂತೆಯಿಂದ ತರುತ್ತಿದ್ದ ಚುರುಮುರಿಯ ಪೊಟ್ಟಣ, ಚಕ್ಕಡಿಯ ಹಿಂದೆ ಕುಳಿತ ಮಗನಿಗೆ ನಿದ್ದೆ ಬಾರದಿರಲೆಂದು ದಾರಿಯುದ್ದಕ್ಕೂ ಹೇಳುತ್ತಿದ್ದ ಕತೆಗಳು. ಒಂದು ಕತೆಯ ಕೊನೆ ನೆನಪಾಗದೆಂದೂ, ನಮಗೇನಾದರೂ ಗೊತ್ತಿದ್ದರೆ ಬರೆಯಬೇಕೆಂದೂ ಕೇಳಿರುವರು.