ಸ್ಕೇಲು ಕೈಗೆ ಕೊಡುವ ಮುನ್ನ

ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2023ರಲ್ಲಿ ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಮುಂದೆ ಒಂದು ಸರಳ ಪ್ರಶ್ನೆ ಇಟ್ಟಿತ್ತು: ಸ್ಕೇಲಿನ ಪಕ್ಕದಲ್ಲಿರುವ ವಸ್ತುವಿನ ಉದ್ದ ಎಷ್ಟು? ವಸ್ತುವಿನ ತುದಿ ಸೊನ್ನೆಗೆ ಸರಿಯಾಗಿ ಕೂತಿದ್ದಾಗ ಶೇ. 85ರಷ್ಟು ಮಂದಿ ಸರಿಯುತ್ತರ ಕೊಟ್ಟರು. ಅದನ್ನೇ ಬೇರೆ ಗೆರೆಯಿಂದ ಆರಂಭಿಸಿದಾಗ ಸರಿ ಹೇಳಿದವರು ಶೇ. 39 ಮಾತ್ರ. ತಪ್ಪಿದವರಲ್ಲೂ ಬಹುಪಾಲು ಮಂದಿ ವರ್ಷಗಟ್ಟಲೆ ಶಾಲೆಯಲ್ಲಿ ಸ್ಕೇಲು ಹಿಡಿದವರು. ಹಾಗಾದರೆ ಅವರು ಕಲಿತದ್ದು, ವಸ್ತು ಎಲ್ಲಿ ಮುಗಿಯುತ್ತದೋ ಅಲ್ಲಿನ ಅಂಕಿಯನ್ನು ಓದುವುದನ್ನು. ಈ ಕೊರತೆಯ ಬೇರು ಒಂದನೇ, ಎರಡನೇ ತರಗತಿಯಲ್ಲಿದೆ ಎಂಬುದು ನನ್ನ ವಾದ.

ಉದ್ದ ಅಳೆಯುವುದರೊಳಗೆ ದೊಡ್ಡವರ ಕಣ್ಣಿಗೆ ಬೀಳದ ಮೂರು ತಿಳಿವಳಿಕೆಗಳಿವೆ. ಮೊದಲನೆಯದು, ಜಾಗ ಬದಲಾದರೂ ಉದ್ದ ಬದಲಾಗದು ಎಂಬುದು. ಸಮನಾದ ಎರಡು ಕಡ್ಡಿಗಳಲ್ಲಿ ಒಂದನ್ನು ತುಸು ಮುಂದೆ ಸರಿಸಿದರೆ ಎಳೆಯ ಮಕ್ಕಳು ಅದೇ ಹೆಚ್ಚು ಉದ್ದ ಎನ್ನುವುದನ್ನು ಮನಶ್ಶಾಸ್ತ್ರಜ್ಞ ಪಿಯಾಜೆ ಮತ್ತು ಸಂಗಡಿಗರು 1948ರ ಗ್ರಂಥದಲ್ಲಿ ವಿವರಿಸಿದ್ದಾರೆ. ಈ ತಿಳಿವಳಿಕೆ ಬರಲು ಪಿಯಾಜೆ ಹಾಕಿದ ವಯಸ್ಸಿನ ಗಡಿಯನ್ನು ಮುಂದಿನ ಸಂಶೋಧಕರು ಪೂರ್ತಿ ಒಪ್ಪಲಿಲ್ಲ. ಆದರೆ ಮಗು ತುದಿಯನ್ನಷ್ಟೇ ನೋಡುತ್ತದೆ ಎಂಬುದನ್ನು ಯಾವ ತರಗತಿಯಲ್ಲೂ ಕಾಣಬಹುದು. ಎರಡನೆಯದು, ಪಕ್ಕಪಕ್ಕ ಇಡಲಾಗದ ಬಾಗಿಲನ್ನೂ ಮೇಜನ್ನೂ ಒಂದು ದಾರದ ನೆರವಿನಿಂದ ಹೋಲಿಸಬಹುದು ಎಂಬುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಮನಾದ ತುಂಡುಗಳನ್ನು ನಡುವೆ ಸಂದಿ ಬಿಡದೆ, ಒಂದರ ಮೇಲೊಂದು ಏರಿಸದೆ ಜೋಡಿಸಿ ಎಣಿಸಿದರೆ ಸಿಗುವ ಸಂಖ್ಯೆಯೇ ಅಳತೆ. ಅಂಗಡಿಯ ಸ್ಕೇಲು ಈ ಕೆಲಸವನ್ನೆಲ್ಲ ಮೊದಲೇ ಮಾಡಿ ಮುಗಿಸಿ, ಗೆರೆಗಳನ್ನಷ್ಟೇ ತೋರಿಸುತ್ತದೆ. ಸೊನ್ನೆಯಿಂದ ಐದರವರೆಗೆ ಗೆರೆಗಳು ಆರು, ನಡುವಿನ ಜಾಗಗಳು ಐದು. ಎಣಿಸಬೇಕಾದದ್ದು ಯಾವುದನ್ನು ಎಂದು ಸ್ಕೇಲು ತಾನಾಗಿ ಹೇಳುವುದಿಲ್ಲ.

ಆಟದಲ್ಲಿ ಮಕ್ಕಳಿಗೆ ಇದು ಹೊಸತಲ್ಲ. ಚಿನ್ನಿ ಎಷ್ಟು ದೂರ ಹಾರಿತು ಎಂದು ದಾಂಡನ್ನೇ ಮತ್ತೆ ಮತ್ತೆ ಇಟ್ಟು ಎಣಿಸುವ ಹುಡುಗರು, ಎಣಿಸುವಾಗ ಒಬ್ಬ ದಾಂಡನ್ನು ಒಂದಿಷ್ಟು ಮುಂದೆ ಜಾರಿಸಿದರೂ ಜಗಳಕ್ಕೆ ನಿಲ್ಲುತ್ತಾರೆ. ಶಾಲೆ ಈ ತಿಳಿವಳಿಕೆಯಿಂದಲೇ ಹೊರಡಬೇಕು. ಮೊದಲು ಪಕ್ಕಪಕ್ಕ ಇಟ್ಟು ಹೋಲಿಕೆ, ಆಮೇಲೆ ದಾರ, ಆಮೇಲೆ ಒಂದೇ ಅಳತೆಯ ಬೆಂಕಿಕಡ್ಡಿಗಳ ಸಾಲು, ಬಳಿಕ ಒಂದೇ ಕಡ್ಡಿಯನ್ನು ಸರಿಸುತ್ತ ಎಣಿಸುವುದು. ಕೊನೆಗೆ ಕಾಗದದ ಪಟ್ಟಿಯ ಮೇಲೆ ಮಗು ತಾನೇ ಗೆರೆ ಎಳೆದು ಸ್ಕೇಲು ಮಾಡಲಿ. ಸೊನ್ನೆ ಯಾಕೆ ಬೇಕು ಎಂಬುದು ಆಗ ಅದಕ್ಕೇ ಹೊಳೆಯುತ್ತದೆ.

ಗೇಣು, ಹೆಜ್ಜೆಗಳಿಂದ ಅಳೆಸಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂದು ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ, ಸಮನಾದ ತುಂಡು ಯಾಕೆ ಬೇಕೆಂದು ತಿಳಿಯುವ ಮೊದಲೇ ಗೇಣಿಗೆ ಕೈಹಾಕಿದರೆ ಗೊಂದಲವೇ ಉಳಿಯುತ್ತದೆ. ಆದ್ದರಿಂದಲೇ ಬೆಂಕಿಕಡ್ಡಿ ಮೊದಲು, ಗೇಣು ಆಮೇಲೆ. ಬೆಂಚು ಮಗುವಿಗೆ ಹತ್ತು ಗೇಣು, ಟೀಚರಿಗೆ ಏಳೇ ಆದಾಗ ಎಲ್ಲರಿಗೂ ಒಂದೇ ಅಳತೆ ಬೇಕೆಂಬುದು ಮಗುವಿನದೇ ಬೇಡಿಕೆಯಾಗುತ್ತದೆ. ಪ್ರಾಂತ್ಯಕ್ಕೊಂದು ಅಳತೆಯಿದ್ದ ದೇಶ 1956ರಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿದ್ದೂ ಇದೇ ಬೇಡಿಕೆಗೆ ಓಗೊಟ್ಟು. ಮನೆಯಲ್ಲೇ ಸ್ಕೇಲು ಕಂಡಿರುವ ಮಗುವಿನಿಂದ ಅದನ್ನು ಬಚ್ಚಿಡಬೇಕೆ ಎಂದು ಕೇಳುವವರೂ ಇದ್ದಾರೆ. ಬೇಕಿಲ್ಲ. ಕಡ್ಡಿಗಳ ಪಕ್ಕದಲ್ಲೇ ಸ್ಕೇಲೂ ಇರಲಿ. ಎರಡರಲ್ಲೂ ನಡೆಯುವುದು ಒಂದೇ ಕೆಲಸವೆಂದು ಮಗುವಿಗೆ ಕಂಡರೆ ಸಾಕು.

ಸಮಯವೆಲ್ಲಿದೆ, ಪಾಠ ಮುಗಿಯಬೇಡವೇ ಎಂಬುದು ಶಿಕ್ಷಕರ ನ್ಯಾಯವಾದ ಚಿಂತೆ. ಆದರೆ ಎರಡನೇ ತರಗತಿಯಲ್ಲಿ ಉಳಿಸಿದ ನಾಲ್ಕು ಪೀರಿಯಡ್ಡಿಗೆ ಮುಂದೆ ಸುತ್ತಳತೆ, ವಿಸ್ತೀರ್ಣ, ಭಿನ್ನರಾಶಿಗಳಲ್ಲಿ ಬಡ್ಡಿ ಸಮೇತ ತೆರಬೇಕಾಗುತ್ತದೆ. ಖರ್ಚಂತೂ ದಾರ, ಕಡ್ಡಿ, ಹಳೆಯ ಕಾಗದದ್ದಷ್ಟೇ. ಬದಲಾಗಬೇಕಾದದ್ದು ಪರೀಕ್ಷೆಯ ಪ್ರಶ್ನೆ: ಪೆನ್ಸಿಲನ್ನು ಸೊನ್ನೆಗೆ ಜೋಡಿಸಿದ ಚಿತ್ರ ಬಿಟ್ಟು, ಮೂರರಿಂದ ಹತ್ತರವರೆಗೆ ಮಲಗಿಸಿದ ಚಿತ್ರ ಕೊಡಿ. ಏಳು ಎಂದು ಹೇಳಿ, ಯಾಕೆಂದು ವಿವರಿಸಬಲ್ಲ ಮಗುವಿಗೆ ಅಳೆಯಲು ಬರುತ್ತದೆ. ಹತ್ತು ಎನ್ನುವ ಮಗುವಿಗೆ ಇನ್ನೂ ಕಲಿಸಬೇಕಿದೆ.