ಬರೆಯದೆ ಉಳಿದ ಪುಸ್ತಕ

ತುಮಕೂರಿನ ಜಿಲ್ಲಾ ಕಚೇರಿಯಾಗಲಿ, ಗುಬ್ಬಿ, ಕುಣಿಗಲ್‌ನ ತಾಲ್ಲೂಕು ಕಚೇರಿಯಾಗಲಿ, ಟಪಾಲು ನೋಡಿ ಕಡತ ಸಿದ್ಧಪಡಿಸುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. ದಿಲ್ಲಿಯ ಪ್ರಧಾನಿ ಕಚೇರಿಯಲ್ಲೂ ಕ್ರಮ ಇದೇ.

ಅಲ್ಲಿ 1966ರಿಂದ ಹಲವು ವರ್ಷ ಇಂದಿರಾ ಗಾಂಧಿಯವರ ಭಾಷಣ, ಸಂದೇಶಗಳ ಕರಡು ಸಿದ್ಧಪಡಿಸಿದವರು ನಮ್ಮವರೇ ಆದ ಎಚ್.ವೈ. ಶಾರದಾ ಪ್ರಸಾದ್. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಚಳವಳಿಯಲ್ಲಿ ಜೈಲು ಕಂಡವರು. ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇಂಗ್ಲಿಷಿಗೆ ಬಂದದ್ದು ಅವರಿಂದಲೇ.

ಅವರು ಒಳಗಿನ ಗುಟ್ಟುಗಳ ಪುಸ್ತಕ ಬರೆದಿದ್ದರೆ ಪ್ರಕಾಶಕರು ಮುಗಿಬೀಳುತ್ತಿದ್ದರು. ಬರೆಯಲಿಲ್ಲ. ‘ನಾನು ಬರೆಯದ ಪುಸ್ತಕ’ ಎಂಬರ್ಥದ ಹೆಸರನ್ನೇ 2003ರ ತಮ್ಮ ಇಂಗ್ಲಿಷ್ ಪ್ರಬಂಧ ಸಂಕಲನಕ್ಕೆ ಇಟ್ಟರು. 2008ರಲ್ಲಿ ತೀರಿಕೊಂಡರು.

ತುರ್ತು ಪರಿಸ್ಥಿತಿಯ ದಿನಗಳಲ್ಲೂ ಅಲ್ಲಿದ್ದವರ ಮೌನದಿಂದ ಚರಿತ್ರೆಗೆ ನಷ್ಟವಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಆದರೆ ನಂಬಿ ಒಪ್ಪಿಸಿದ ಕಾಗದವನ್ನು ಮಾರಿಕೊಳ್ಳದವರು ಎಷ್ಟು ಮಂದಿ?

ತಂದೆತಾಯಿಯರೇ, ಮಗಳು ಎಫ್‌ಡಿಎ ಪರೀಕ್ಷೆಗೆ ಕಟ್ಟುತ್ತೇನೆಂದರೆ ‘ಬರೀ ಗುಮಾಸ್ತಿಕೆ’ ಎಂದು ಮೂಗು ಮುರಿಯಬೇಡಿ. ವಿಧವಾ ವೇತನದ ಅರ್ಜಿಯೊಂದು ಅವಳ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರದಿದ್ದರೆ ಸಾಕು. ಅದೂ ದೇಶದ ಕೆಲಸವೇ.

ವಿದ್ಯಾರ್ಥಿಗಳೇ, ಇಂದು ಒಂದು ಪತ್ರವನ್ನು ತಪ್ಪಿಲ್ಲದೆ ಬರೆದು ನೋಡಿ. ಮೊದಲ ಪಾಠ ಅದು.