ಜಾಲಿಯ ಪರವಾಗಿ ಒಂದು ವಕಾಲತ್ತು

ಆರೋಪಿಗೆ ವಕೀಲನನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದಿದ್ದರೆ ಸರ್ಕಾರವೇ ಒಬ್ಬನನ್ನು ಗೊತ್ತುಮಾಡಿ ಕೊಡುವುದುಂಟು. ನಮ್ಮ ಜಾಲಿಯ ಮರಕ್ಕೆ ಆ ಭಾಗ್ಯವೂ ಒದಗಿದಂತೆ ಕಾಣೆ. ಆದ್ದರಿಂದ, ಯಾರೂ ಕೇಳದಿದ್ದರೂ, ಸನ್ನದಿಲ್ಲದಿದ್ದರೂ, ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯಾದ ನಾನು ಈ ವಕಾಲತ್ತನ್ನು ವಹಿಸಿಕೊಂಡಿದ್ದೇನೆ. ಅಧ್ಯಾಪಕರೂ ಸಹಪಾಠಿಗಳೂ ನ್ಯಾಯಪೀಠದಲ್ಲಿ ಕುಳಿತು ನಾಲ್ಕು ಮಾತು ಕೇಳಬೇಕೆಂದು ಪ್ರಾರ್ಥನೆ.

ಮೊದಲನೆಯ ಫಿರ್ಯಾದಿ ಸಾಮಾನ್ಯರಲ್ಲ, ಪುರಂದರದಾಸರು. ದುರ್ಜನರನ್ನು ಜಾಲಿಯ ಮರಕ್ಕೆ ಹೋಲಿಸಿ ಅವರು ಹಾಡಿದ ಪದ ನಮ್ಮೂರ ಭಜನೆಯ ಮನೆಯಲ್ಲಿಯೂ ಕೇಳಿಬರುತ್ತದೆ. ಬಿಸಿಲಿನಲ್ಲಿ ಬಂದವನಿಗೆ ಅದು ನೆರಳಾಗದು, ಹಸಿದವನಿಗೆ ಹಣ್ಣಾಗದು ಎಂಬುದು ಅವರ ದೂರು. ದಾಸರ ಕಣ್ಣು ದುರ್ಜನರ ಮೇಲಿತ್ತೇ ಹೊರತು ಮರದ ಮೇಲಿರಲಿಲ್ಲ, ಮರ ಬರಿಯ ಉಪಮಾನ ಎಂದು ನಮ್ಮ ಕನ್ನಡದ ಗುರುಗಳು ನನಗೆ ಸಮಾಧಾನ ಹೇಳಿದರು. ನಿಜವಿರಬಹುದು. ಆದರೆ ಉಪಮಾನಕ್ಕೆ ಸಿಕ್ಕಿಬಿದ್ದವನ ಹೆಸರು ಒಮ್ಮೆ ಕೆಟ್ಟರೆ ಅದನ್ನು ತೊಳೆಯುವವರು ಯಾರು?

ಹಸಿವಿನ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ನಮ್ಮದು ಕುರಿ ಸಾಕುವ ಮನೆ. ನಮ್ಮ ಕಡೆ ಮಳೆ ಕಡಿಮೆ; ಸಂಕ್ರಾಂತಿ ಕಳೆದರೆ ಹೊಲ ಬಯಲು, ಶಿವರಾತ್ರಿ ಕಳೆದರೆ ಗೋಮಾಳದಲ್ಲಿ ಹುಲ್ಲಿನ ಗರಿಯಿಲ್ಲ. ಸರಿಯಾಗಿ ಆ ಹೊತ್ತಿಗೆ, ಬೇರೆಯ ಮರಗಳು ಕೈಚೆಲ್ಲಿ ನಿಂತಿರುವಾಗ, ಜಾಲಿಯ ಕಾಯಿ ಬಲಿಯುತ್ತದೆ. ಬೂದು ಬಣ್ಣದ, ಮಣಿಸರ ಪೋಣಿಸಿದಂಥ ಕಾಯಿ. ನಮ್ಮ ಅಜ್ಜ ದೋಟಿ ಹಿಡಿದು ಕೊಂಬೆಯನ್ನು ಅಲುಗಿಸಿದರೆ ಸಾಕು, ಮಂದೆಗೆ ಮಂದೆಯೇ ಓಡಿ ಬರುತ್ತಿತ್ತು. ಯುಗಾದಿಯಿಂದ ಮುಂಗಾರಿನವರೆಗೆ ಮರಿಗಳು ಬದುಕಿದ್ದು ಆ ಕಾಯಿಯಿಂದ. ಮರಿ ಮಾರಿದ ಹಣದಿಂದ ಬದುಕಿದ್ದು ನಾವು. ದಾಸರು ಹಸಿದು ಬಂದ ಮನುಷ್ಯನನ್ನು ಕಂಡರು, ಅವನ ಹಿಂದೆ ಬಂದ ಕುರಿಯನ್ನು ಕಾಣಲಿಲ್ಲ ಎಂದರೆ ಅಪಚಾರವಾಗಲಾರದೆಂದು ನಂಬಿದ್ದೇನೆ.

ಈ ಕಾಯಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಜಾಲಿಯ ಬೀಜದ ಸಿಪ್ಪೆ ಬಹಳ ಗಟ್ಟಿ. ಸುಮ್ಮನೆ ಬಿತ್ತಿದರೆ ಬೇಗ ಮೊಳೆಯದು. ಆಡು ಕುರಿಗಳು ಕಾಯಿ ತಿಂದು, ರಾತ್ರಿ ರೊಪ್ಪದಲ್ಲಿ ಮೆಲುಕು ಹಾಕುವಾಗ ಎಷ್ಟೋ ಬೀಜಗಳನ್ನು ಉಗುಳುತ್ತವೆ. ಕೆಲವು ಹಿಕ್ಕೆಯಲ್ಲಿ ಬೀಳುತ್ತವೆ. ಹಾಗೆ ಹೊಟ್ಟೆಯಲ್ಲಿ ನೆನೆದು ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಸಸಿ ಬೆಳೆಸುವವರು ಬೀಜಕ್ಕಾಗಿ ರೊಪ್ಪಗಳನ್ನು ಹುಡುಕಿಕೊಂಡು ಬರುವುದು ಇದೇ ಕಾರಣಕ್ಕೆ. ಮರ ಕುರಿಯನ್ನು ಸಾಕುತ್ತದೆ, ಕುರಿ ಮರವನ್ನು ಬಿತ್ತುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ವಿನಿಮಯವೆಂದರೇನೆಂದು ಕೇಳಿದಾಗ ಈ ಉದಾಹರಣೆಯನ್ನು ಕೊಟ್ಟು ನಗೆಪಾಟಲಾದವನು ನಾನೇ.

ನೆರಳಿನ ಆಪಾದನೆಯಲ್ಲಿ ಸ್ವಲ್ಪ ಹುರುಳುಂಟು. ಆಲದಂತೆ, ಹುಣಸೆಯಂತೆ ದಟ್ಟ ನೆರಳು ಇದರದಲ್ಲ. ಕೆಳಗೆ ಕೂರುವವನು ಮುಳ್ಳು ನೋಡಿಕೊಂಡೇ ಕೂರಬೇಕು. ಬುಡದಲ್ಲಿ ಜೋಳ ಸೊರಗುತ್ತದೆಂದು ನಮ್ಮ ರೈತರು ಅದನ್ನು ಹೊಲದ ನಡುವೆ ಬಿಡದೆ ಬದುವಿನ ಮೇಲೆ ಬಿಡುತ್ತಾರೆ. ಆದರೆ ಛತ್ತೀಸಗಡದ ರೈತರು ಭತ್ತದ ಗದ್ದೆಗಳಲ್ಲಿಯೇ ಇದನ್ನು ಬೆಳೆಯಗೊಟ್ಟಿದ್ದಾರೆ. ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆಂಬುದು ಆ ರೈತರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಇನ್ನು ಇದರ ತಾಳ್ಮೆಯೋ! ಎರೆಯ ಭೂಮಿ ಬೇಸಗೆಯಲ್ಲಿ ಬಿರಿದು ಕೈ ಹೋಗುವಷ್ಟು ಬಾಯಿ ಬಿಟ್ಟರೂ ನಿಂತಿರುತ್ತದೆ. ಕೆರೆ ತುಂಬಿ ತಿಂಗಳುಗಟ್ಟಲೆ ಬುಡ ನೀರಿನಲ್ಲಿದ್ದರೂ ನಿಂತಿರುತ್ತದೆ. ಬರವನ್ನೂ ನೆರೆಯನ್ನೂ ಒಂದೇ ಬೇರಿನಲ್ಲಿ ತಾಳುವ ಮರಗಳು ಹೆಚ್ಚಿಲ್ಲ. ಅರಣ್ಯ ಇಲಾಖೆಯವರು ಕೆರೆಯಂಗಳಗಳಲ್ಲಿ ಜಾಲಿಯ ತೋಪುಗಳನ್ನು ಬೆಳೆಸಿದ್ದು ಈ ಗುಣವನ್ನು ಕಂಡೇ.

ಮಿಕ್ಕ ಉಪಯೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೇಗಿಲು, ಕುಂಟೆ, ಗಾಡಿಯ ಗುಂಬ ಇವಕ್ಕೆ ಜಾಲಿಯ ಚೇಗಿಗಿಂತ ಗಟ್ಟಿಯಾದದ್ದನ್ನು ನಮ್ಮೂರ ಬಡಗಿ ಕೇಳುತ್ತಿರಲಿಲ್ಲ. ಕುಲುಮೆಗೆ ಇದರ ಇದ್ದಲು, ಹಲ್ಲಿಗೆ ಇದರ ಕಡ್ಡಿ, ಬಾಣಂತಿಯ ಉಂಡೆಗೆ ಇದರ ಅಂಟು. ಚರ್ಮ ಹದ ಮಾಡಲು ನಮ್ಮ ದಕ್ಷಿಣದಲ್ಲಿ ತಂಗಡಿಯ ತೊಗಟೆ ನಡೆಯುತ್ತಿದ್ದರೆ, ಕಾನ್ಪುರದ ಕಡೆ ಜಾಲಿಯ ತೊಗಟೆ ನಡೆಯುತ್ತಿತ್ತು. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯನ್ನು ಗೀಜಗ ಆರಿಸಿಕೊಳ್ಳುವುದು ಮುಳ್ಳಿನ ಕಾವಲು ಇರುವುದರಿಂದಲೇ. ಓಬವ್ವನ ಒನಕೆಯೂ ಜಾಲಿಯದೇ ಎಂದು ವಾದಿಸುವ ಆಸೆ ನನಗಿತ್ತು. ಆಧಾರ ಕೇಳುವ ಚರಿತ್ರೆಯ ಗುರುಗಳ ಭಯದಿಂದ ಬಿಟ್ಟಿದ್ದೇನೆ.

ಇಷ್ಟೆಲ್ಲ ಇದ್ದೂ ಈಗ ಜಾಲಿಗೆ ಬಂದಿರುವ ಆಪತ್ತು ದಾಸರಿಂದ ಬಂದದ್ದಲ್ಲ, ಹೆಸರಿನ ಗೊಂದಲದಿಂದ ಬಂದದ್ದು. ನಮ್ಮ ಹಳ್ಳಕೊಳ್ಳಗಳನ್ನೂ ಗೋಮಾಳಗಳನ್ನೂ ಮುಚ್ಚಿಬಿಟ್ಟಿರುವ ಬಳ್ಳಾರಿ ಜಾಲಿ ಈ ದೇಶದ ಗಿಡವಲ್ಲ. ಅದು ಅಮೆರಿಕ ಖಂಡದ್ದು. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ಆಗಿನ ಮದ್ರಾಸ್ ಪ್ರಾಂತದ ಕಡಪ ಜಿಲ್ಲೆಯಲ್ಲಿ ಬಿತ್ತಿದರು. ಬರದ ನಾಡಿಗೆ ಸೌದೆಯಾಗಲಿ ಎಂದು ತಂದದ್ದು. ಸೌದೆಯೂ ಆಯಿತು, ಅದನ್ನು ನಂಬಿ ಒಲೆ ಹೊತ್ತಿಸುವ ಬಡವರು ಇಂದಿಗೂ ಇದ್ದಾರೆ, ಅದನ್ನು ಮರೆಮಾಚಲಾರೆ. ಆದರೆ ಅದು ಹಬ್ಬಿದ ಕಡೆ ಹುಲ್ಲು ಉಳಿಯದು. ಅದನ್ನು ಕೀಳುವುದು ನ್ಯಾಯವೇ. ಅನ್ಯಾಯವಾಗುವುದು ‘ಜಾಲಿ’ ಎಂಬ ಒಂದೇ ಮಾತಿನಿಂದ ಕರಿಜಾಲಿಯೂ ಅದೇ ಗುಂಪಿನಲ್ಲಿ ಸಾಯುವುದರಿಂದ.

ಕಳೆದ ಆಷಾಢದಲ್ಲಿ ನಮ್ಮ ಕಾಲೇಜಿನ ಹಿಂದಿನ ಬಯಲನ್ನು ಶುಚಿ ಮಾಡಿಸಿದ್ದು ನಿಮಗೆಲ್ಲ ನೆನಪಿರಬಹುದು. ಜೆಸಿಬಿ ಬಂದಿತು; ಅರ್ಧ ದಿನದಲ್ಲಿ ಬಳ್ಳಾರಿ ಜಾಲಿಯ ಪೊದೆಗಳೊಡನೆ ನಾಲ್ಕು ಹಳೆಯ ಕರಿಜಾಲಿ ಮರಗಳೂ ಉರುಳಿದವು. ಗುತ್ತಿಗೆಯವನನ್ನು ದೂರುವ ಹಕ್ಕು ನನಗಿಲ್ಲ, ಏಕೆಂದರೆ ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಕುರಿಗಾರನ ಮಗನಾಗಿದ್ದೂ ನನ್ನ ಕಣ್ಣು ಮಣಿಸರದಂಥ ಕಾಯಿಯನ್ನು ಕಂಡದ್ದು ಮರ ಮಲಗಿದ ಮೇಲೆ. ನಾನು ಈ ಕಾಲೇಜಿಗೆ ಸೇರಿದ ವರ್ಷ ನಮ್ಮ ತಂದೆ ಬದುವಿನ ಎರಡು ಜಾಲಿ ಮರಗಳನ್ನು ಮಾರಿ ಪುಸ್ತಕದ ಖರ್ಚು ಕೊಟ್ಟಿದ್ದರು. ಆ ಸಂಜೆ ಹಾಸ್ಟೆಲಿನಲ್ಲಿ ಊಟ ಸೇರಲಿಲ್ಲ.

ಅದೇ ಬಯಲಿನಲ್ಲಿ ವನಮಹೋತ್ಸವದ ದಿನ ಗುಲ್‌ಮೊಹರ್ ಸಸಿಗಳನ್ನು ನೆಟ್ಟೆವು. ಅದು ಮಡಗಾಸ್ಕರಿನ ಮರ. ಹೂವು ಚೆಂದ, ಒಪ್ಪಿದೆ. ನೀರು ಹೊರುವವರಿಲ್ಲದೆ ಹೆಚ್ಚಿನವು ದೀಪಾವಳಿಯ ಹೊತ್ತಿಗೆ ಒಣಗಿದವು. 1950ರಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ಸಸಿ ನೆಡುವ ಉತ್ಸಾಹಕ್ಕೆ ಕೊರತೆಯಿಲ್ಲ. ಯಾವ ಮಣ್ಣಿಗೆ ಯಾವ ಮರ ಎಂಬ ವಿಚಾರಕ್ಕೆ ಕೊರತೆ. ಬಯಲುಸೀಮೆಯಲ್ಲಿ ಅಷ್ಟು ಶ್ರದ್ಧೆಯಿಂದ ಬೆಳೆಸಿದ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರ್ಕಾರವೇ 2017ರಲ್ಲಿ ಆಜ್ಞೆ ಹೊರಡಿಸಬೇಕಾಯಿತು.

ಎದುರು ಪಕ್ಷದವರ ಒಂದು ಬಲವಾದ ಸಾಕ್ಷ್ಯವನ್ನು ಮುಚ್ಚಿಡುವುದು ಧರ್ಮವಲ್ಲ. ನಮ್ಮ ಕರಿಜಾಲಿಯೂ ಪರದೇಶದಲ್ಲಿ ಇದೇ ಅಪರಾಧ ಮಾಡಿದೆ. 1890ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಕುರಿಗಳ ನೆರಳಿಗೂ ಮೇವಿಗೂ ಎಂದು ಕೊಂಡೊಯ್ದರು. ಅಲ್ಲಿನ ಹುಲ್ಲುಗಾವಲನ್ನೆಲ್ಲ ಆಕ್ರಮಿಸಿ ಅದು ಘೋರ ಕಳೆಯೆನಿಸಿತು. ತವರಿನಲ್ಲಿ ಸಂಭಾವಿತ, ಪರಸ್ಥಳದಲ್ಲಿ ಪುಂಡ! ಅದಕ್ಕೆ ಪ್ರತೀಕಾರವೋ ಎಂಬಂತೆ 2005ರ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅಕೇಶಿಯ ಎಂಬ ಕುಲನಾಮವನ್ನೇ ಆಸ್ಟ್ರೇಲಿಯಾದ ಮರಗಳಿಗೆ ಬಿಟ್ಟುಕೊಡಲಾಯಿತು. ಜಾಲಿಗೆ ಈಗ ವಾಚೆಲಿಯ ಎಂಬ ಹೊಸ ಹೆಸರು. ಪಾಪ, ಊರಿನಲ್ಲಿಯೂ ಹೆಸರಿನ ತಂಟೆ, ಹೊರಗೂ ಹೆಸರಿನ ತಂಟೆ.

ಗುರುತು ಹಿಡಿಯುವುದೇನೂ ಕಷ್ಟವಲ್ಲ. ಕರಿಜಾಲಿಯ ಹೂವು ಹಳದಿಯ ಪುಟ್ಟ ಚೆಂಡು, ಮಳೆಗಾಲದಲ್ಲಿ ನವುರಾದ ಪರಿಮಳವೂ ಇರುತ್ತದೆ. ಬಳ್ಳಾರಿ ಜಾಲಿಯದು ಜೋತುಬಿದ್ದ ಮಾಸಲು ತೆನೆ. ಕರಿಜಾಲಿಯ ಕಾಯಿ ಬೀಜಬೀಜಕ್ಕೂ ನಡು ಹಿಂಡಿದ ಸರ. ಅದರದು ಉದ್ದನೆಯ ಹುಲ್ಲುಬಣ್ಣದ ಕೋಡು. ಕರಿಜಾಲಿ ಸಾಮಾನ್ಯವಾಗಿ ಒಂದೇ ಕಾಂಡದ ಮರ, ಕಪ್ಪು ಬಿರುಕು ತೊಗಟೆ. ಅದು ಹೆಚ್ಚಾಗಿ ಬುಡದಿಂದಲೇ ಹಲವು ಕವಲೊಡೆದ ಪೊದೆ.

ನನ್ನ ಬೇಡಿಕೆ ದೊಡ್ಡದಲ್ಲ. ಮುಂದಿನ ಬಾರಿ ಯಂತ್ರ ಬರುವ ಮುನ್ನ ಈ ಎರಡನ್ನು ಬಲ್ಲ ಯಾರಾದರೂ ಒಬ್ಬರು ಬಯಲನ್ನು ಒಮ್ಮೆ ಸುತ್ತಿ ಬರಲಿ. ಬರುವ ವನಮಹೋತ್ಸವದಲ್ಲಿ ಹತ್ತಾದರೂ ಗುಣಿಗಳನ್ನು ಜಾಲಿಗೆ ಬಿಡಲಿ. ಪೂರ್ವದ ಬೇಲಿಯ ಹತ್ತಿರ ಇನ್ನೂ ಐದು ಕರಿಜಾಲಿ ಮರಗಳಿವೆ. ಅವಕ್ಕೆ ಮೊನ್ನೆ ಭಾನುವಾರ ನಾನೂ ನನ್ನ ಕೊಠಡಿಯ ಗೆಳೆಯನೂ ಸೇರಿ ಸುಣ್ಣದ ಪಟ್ಟೆ ಬಳಿದಿದ್ದೇವೆ. ನಮ್ಮ ರೊಪ್ಪದಿಂದ ಆರಿಸಿ ತಂದ ಬೀಜ ಒಂದು ಡಬ್ಬಿಯ ತುಂಬ ಇದೆ. ಬೇಕಾದವರು ಹಾಸ್ಟೆಲಿಗೆ ಬಂದು ಕೇಳಿದರೆ ಹಿಡಿ ಹಿಡಿ ಕೊಡುತ್ತೇನೆ.